ಬಸ್ಸು ಹೋಗದ ಕಡಲ ದಂಡೆ

"ಆ ಜಾಗ ಇನ್ನೂ ಹಾಳಾಗಿಲ್ಲ" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ರಜೆಯಲ್ಲಿ ಎಲ್ಲಿಗಾದರೂ ಹೋಗಿ ಬಂದವರು, ಅದರಲ್ಲೂ ಸಮುದ್ರ ತೀರಕ್ಕೆ ಹೋಗಿ ಬಂದವರು, ಮೊದಲು ಹೇಳುವ ಮಾತೇ ಅದು. ಅಲ್ಲಿ ಹೋಟೆಲಿಲ್ಲ, ಅಂಗಡಿಯಿಲ್ಲ, ದೀಪದ ಕಂಬವಿಲ್ಲ, ಜನರಿಲ್ಲ, ಆದ್ದರಿಂದ ಹಾಳಾಗಿಲ್ಲ. ಹೀಗೆ ಹೇಳುವವರೇ ತಮ್ಮ ಬಡಾವಣೆಗೆ ಡಾಂಬರು ಬರಲಿಲ್ಲ, ಬೀದಿ ದೀಪ ಉರಿಯುತ್ತಿಲ್ಲ ಎಂದು ನಗರಸಭೆಗೆ ಮೂರು ಮೂರು ಸಲ ಅರ್ಜಿ ಕೊಟ್ಟವರು. ನಮ್ಮ ಬೀದಿಗೆ ಬಂದರೆ ಅದು ಅಭಿವೃದ್ಧಿ, ಕಡಲ ದಂಡೆಗೆ ಬಂದರೆ ಹಾಳು. ಒಂದೇ ರಸ್ತೆಗೆ ಎರಡು ಹೆಸರು ಹೇಗೆ ಬಂತು? ವರ್ಷಗಟ್ಟಲೆ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಪಾಠ ಮಾಡಿದ ನನಗೆ, ಈ ಎರಡು ಪದಗಳ ನಡುವೆ ಏನೋ ಅಡಗಿದೆ ಎಂದು ಆಗಾಗ ಅನ್ನಿಸಿದ್ದುಂಟು. ಈಚೆಗೆ ಅದನ್ನು ನಿಂತು ಯೋಚಿಸುವ ಸಂದರ್ಭವೂ ಬಂತು.

ನಾನಿರುವುದು ಶಿರಸಿಯಲ್ಲಿ. ಘಟ್ಟದ ಮೇಲಿನವರಾದ ನಮಗೆ ಸಮುದ್ರವೆಂದರೆ ನೆಂಟರ ಮನೆಯಿದ್ದ ಹಾಗೆ. ದೂರವೇನಲ್ಲ, ಹಾಗೆಂದು ಬೇಕೆಂದಾಗ ಎದ್ದು ಹೋಗುವುದೂ ಇಲ್ಲ. ನಮ್ಮೂರ ಶಂಕರಹೊಂಡದ ನೀರು ಅಘನಾಶಿನಿಯಾಗಿ ಹರಿದು, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ದೊಡ್ಡ ಅಣೆಕಟ್ಟು ಕಾಣದೆ ಕುಮಟಾ ತಾಲೂಕಿನಲ್ಲಿ ಕಡಲು ಸೇರುತ್ತದೆ. ಈ ಪಾಠವನ್ನು ನಕ್ಷೆಯ ಮೇಲೆ ಕೋಲಿಟ್ಟು ನಾನು ಎಷ್ಟು ವರ್ಷ ಹೇಳಿದ್ದೇನೋ ಲೆಕ್ಕವಿಲ್ಲ. ನದಿಯ ಹಿಂದೆಯೇ ನಡೆದು ಹೋಗಬೇಕು, ಅದು ಉಪ್ಪಾಗುವ ಜಾಗವನ್ನು ನೋಡಬೇಕು ಎಂಬ ಆಸೆ ಮಾತ್ರ ಹಾಗೇ ಉಳಿದಿತ್ತು. ಮಕ್ಕಳ ಪರೀಕ್ಷೆ, ಮನೆಯವರ ಊಟ, ಅತ್ತೆಯವರ ಔಷಧಿ, ಹೆಂಗಸರ ಆಸೆಗಳು ಹೇಗೆ ಹಿಂದೆ ಬೀಳುತ್ತವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಕೊನೆಗೆ ಒಂದು ಜನವರಿಯಲ್ಲಿ ನಾವು ಮೂವರು ಶಿಕ್ಷಕಿಯರು ಹೊರಟೆವು. ನಾನು, ಗಣಿತದ ಟೀಚರು, ಹಿಂದಿ ಟೀಚರು. ಘಟ್ಟ ಇಳಿದು ಕುಮಟೆ, ಅಲ್ಲಿಂದ ಡಾಂಬರು ಮುಗಿಯುವ ತನಕ ಆಟೋ, ಆಮೇಲೆ ಗಾಳಿಮರಗಳ ನಡುವೆ ಕಾಲುದಾರಿ. ಅಘನಾಶಿನಿ ಸಮುದ್ರ ಸೇರುವ ಜಾಗಕ್ಕೆ ಬಹಳ ದೂರವಲ್ಲದ ಒಂದು ದಂಡೆ ಅದು. ಅದರ ಹೆಸರನ್ನು ಇಲ್ಲಿ ಬರೆದಿಲ್ಲ. ಏಕೆ ಬರೆದಿಲ್ಲವೆಂಬುದೇ ಈ ಬರಹದ ಅರ್ಧ ಭಾಗ.

ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ಎರಡು ಕಡೆ ಕಪ್ಪು ಬಂಡೆಗಳ ನಡುವೆ ಅರ್ಧ ಬಳೆಯ ಹಾಗೆ ಬಾಗಿದ ಮರಳು. ಮರಳಿನ ಮೇಲೆ ಹಬ್ಬಿದ, ನೇರಳೆ ಹೂ ಬಿಟ್ಟ ಬಳ್ಳಿ. ಕೇದಗೆಯ ಮೆಳೆ. ಮೇಲಕ್ಕೆ ಎಳೆದಿಟ್ಟ ಎರಡು ದೋಣಿ, ಅವುಗಳ ನೆರಳಲ್ಲಿ ಮಲಗಿದ್ದ ಒಂದು ನಾಯಿ. ಅಷ್ಟೆ. ಜನವರಿಯ ಸಮುದ್ರ ಮಳೆಗಾಲದ ಹಾಗೆ ಅಬ್ಬರಿಸುವುದಿಲ್ಲ, ಕೂಸು ಮಲಗಿಸಿದ ಮನೆಯಲ್ಲಿ ಮಾತಾಡುವವರ ಹಾಗೆ ಮೆಲ್ಲಗೆ ಬಂದು ಹೋಗುತ್ತಿರುತ್ತದೆ. ನಾವು ಚಪ್ಪಲಿ ಕಳಚಿ, ಸೀರೆ ಸ್ವಲ್ಪ ಮೇಲೆತ್ತಿ ಕಟ್ಟಿ, ಮೊಣಕಾಲ ತನಕ ನೀರಿಗೆ ಇಳಿದೆವು. ಆಮೇಲೆ ಬಂದು ಮರಳಿನ ಮೇಲೆ ಕೂತೆವು.

ಕೂತೆವು ಎಂಬ ಈ ಒಂದು ಶಬ್ದವನ್ನು ಹೆಂಗಸರು ಮಾತ್ರ ಸರಿಯಾಗಿ ಅರ್ಥ ಮಾಡಿಕೊಂಡಾರು. ಮನೆಯಲ್ಲಿ ನಾವು ಕೂತರೂ ಕೈಯಲ್ಲಿ ಬೀನ್ಸ್ ಇರುತ್ತದೆ, ಉತ್ತರ ಪತ್ರಿಕೆಯ ಕಟ್ಟು ಇರುತ್ತದೆ, ಇಲ್ಲವೆ ಕಿವಿ ಕುಕ್ಕರಿನ ಕಡೆಗಿರುತ್ತದೆ. ದೇವಸ್ಥಾನದಲ್ಲಿ ಕೂತರೆ ಪ್ರಸಾದದ ಸಾಲಿನ ಮೇಲೆ ಕಣ್ಣು. ಏನೂ ಮಾಡದೆ, ಯಾರಿಗೂ ಕಾಯದೆ, ಯಾರ ಕಣ್ಣಿಗೂ ಬೀಳದೆ ಎರಡು ಗಂಟೆ ಕೂತದ್ದು ನನ್ನ ಐವತ್ತು ದಾಟಿದ ಬದುಕಿನಲ್ಲಿ ಎಷ್ಟು ಸಲ? ಗಣಿತದ ಟೀಚರು ಬೆರಳು ಮಡಚಿ ಎಣಿಸಲು ಹೊರಟು ಒಂದೇ ಬೆರಳಿಗೆ ನಿಂತರು. ಆ ಸುಖ ನಿಜವಾದ ಸುಖ. ಅದನ್ನು ಹಗುರ ಮಾಡಿ ಮಾತಾಡಲು ನಾನು ತಯಾರಿಲ್ಲ. ಮುಂದೆ ನಾನು ಹೇಳುವ ಯಾವ ಮಾತೂ ಆ ಎರಡು ಗಂಟೆಯ ಬೆಲೆಯನ್ನು ಕಡಿಮೆ ಮಾಡುವುದಿಲ್ಲ.

ಆದರೆ ಆ ಮೌನಕ್ಕೆ ಯಾರು ಬೆಲೆ ಕೊಡುತ್ತಿದ್ದಾರೆ ಎಂಬ ಪ್ರಶ್ನೆ ಸ್ವಲ್ಪ ಹೊತ್ತಿನಲ್ಲೇ ನಡೆದು ಬಂತು, ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡು. ನನ್ನದೇ ವಯಸ್ಸಿನ ಹೆಂಗಸು. ದಂಡೆಯ ಮೇಲ್ಭಾಗದಲ್ಲಿ ಹಳೆಯ ಬಲೆ ಹಾಸಿ ಶೆಟ್ಲಿ ಒಣಗಿಸಲು ಹರವತೊಡಗಿದಳು. ಆ ವಾಸನೆಯ ಅಭ್ಯಾಸವಿಲ್ಲದ ಹಿಂದಿ ಟೀಚರು ಸೆರಗನ್ನು ಮೂಗಿಗೆ ತಂದುಕೊಂಡರು. ಆಕೆ ಅದನ್ನು ನೋಡಿ ನಕ್ಕಳು, ಬೇಸರಪಡಲಿಲ್ಲ. ನಾವು ಶಾಲೆಯವರೆಂದು ತಿಳಿದ ಮೇಲೆ "ಅಕ್ಕೋರೆ" ಎಂದೇ ಮಾತಿಗೆ ತೊಡಗಿದಳು.

"ಎಷ್ಟು ಶಾಂತವಾಗಿದೆ ನಿಮ್ಮೂರು" ಎಂದೆ ನಾನು, ಎಲ್ಲರೂ ಹೇಳುವ ಹಾಗೆ.

"ಈಗ ಶಾಂತ" ಎಂದಳು ಆಕೆ. "ನಮ್ಮತ್ತೆ ಕಾಲದಲ್ಲಿ ಇಲ್ಲಿ ಕೂಗು ಹಾಕಿದ್ರೆ ಪಕ್ಕದವ್ರಿಗೆ ಕೇಳ್ತಿರ್ಲಿಲ್ಲ ಅಂತೆ, ಅಷ್ಟು ಜನ."

ಆಕೆ ಹೇಳಿದ್ದು ಯೇಂಡಿ ಬಲೆಯ ಕಾಲದ ಮಾತು. ದಕ್ಷಿಣದ ಕಡೆ ಇಂಥದನ್ನು ರಂಪಣಿ ಎನ್ನುತ್ತಾರೆ. ದೋಣಿಯವರು ಉದ್ದನೆಯ ಬಲೆಯನ್ನು ಕಡಲಿನಲ್ಲಿ ಕಮಾನಿನ ಹಾಗೆ ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಹಗ್ಗ ದಂಡೆಯ ಮೇಲೆ. ಊರಿಗೆ ಊರೇ ಎರಡು ಸಾಲಾಗಿ ನಿಂತು ಹಾಡು ಹೇಳುತ್ತ, ಹುಯ್ಲಿಡುತ್ತ ಎಳೆಯಬೇಕು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. ಬುಟ್ಟಿ ಹಿಡಿದು ಕಾದು ನಿಂತ ಹೆಂಗಸರು, ಕಾಗೆಗಳು, ನಾಯಿಗಳು, ಮಕ್ಕಳು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬಲೆಯ ಯಂತ್ರದ ದೋಣಿಗಳು ಬಂದವು. ದಂಡೆಗೆ ಬರುತ್ತಿದ್ದ ಬಂಗಡೆ, ತಾರ್ಲೆಯ ಹಿಂಡುಗಳನ್ನು ಅವು ನಡುಗಡಲಲ್ಲೇ ಸುತ್ತಿ ಎತ್ತಿದವು. ಮೀನು ಬಂದರುಗಳಿಗೆ ಹೋಯಿತು; ಮೀನಿನ ಹಿಂದೆ ಊರಿನ ಗಂಡಸರೂ ಹೋದರು, ಮಲ್ಪೆಗೆ, ಗೋವೆಗೆ, ಬೇರೆಯವರ ದೋಣಿಗಳಲ್ಲಿ ಕೂಲಿಗೆ. ಈಗಲೂ ಅಲ್ಲಲ್ಲಿ ಯೇಂಡಿ ಬಲೆ ಎಳೆಯುತ್ತಾರೆ, ಇಲ್ಲವೆಂದಲ್ಲ. ಆದರೆ ಆ ಜನಸಂದಣಿ ಹೋಯಿತು.

ಇದನ್ನು ಕೇಳಿ ನಾನು ಬಹಳ ಹೊತ್ತು ಸುಮ್ಮನಿದ್ದೆ. ನಾವು ಪ್ರಕೃತಿಯ ಮೌನವೆಂದು ತಿಳಿದು ಸವಿಯುತ್ತಿದ್ದದ್ದು ಒಂದು ಊರಿನ ಕೆಲಸ ನಿಂತುಹೋದ ಮೇಲೆ ಉಳಿದ ಮೌನ. ದಂಡೆ ಹಿಂದೆಂದೂ ಹೀಗೆ ಖಾಲಿಯಾಗಿರಲಿಲ್ಲ. "ಇನ್ನೂ ಹಾಳಾಗಿಲ್ಲ" ಎಂದು ನಾವು ಹೊಗಳುವ ದಂಡೆ, ಆಕೆಯ ಅತ್ತೆಯ ಲೆಕ್ಕದಲ್ಲಿ ನಲವತ್ತು ವರ್ಷದ ಹಿಂದೆಯೇ ಹಾಳಾಗಿದೆ! ಕೊಟ್ಟಿಗೆ ಖಾಲಿಯಾದ ಮನೆಯನ್ನು ನೋಡಿ, ಸಗಣಿಯ ವಾಸನೆಯಿಲ್ಲ, ಎಷ್ಟು ಸ್ವಚ್ಛ ಎಂದ ಹಾಗಾಯಿತು ನಮ್ಮ ಮೆಚ್ಚುಗೆ.

ಮಾತು ಬೆಳೆದ ಹಾಗೆ ಆ ಊರಿನ ಕಷ್ಟ ಒಂದೊಂದಾಗಿ ಹೊರಬಂತು. ಕಷ್ಟ ಹೇಳಿಕೊಳ್ಳಬೇಕೆಂದು ಆಕೆ ಹೇಳಿದ್ದಲ್ಲ, ನಾವು ಕೇಳಿದ್ದಕ್ಕೆ ಹೇಳಿದಳು. ಮಾರ್ಚ್ ಕಳೆದರೆ ಬಾವಿಯ ನೀರು ಉಪ್ಪಾಗುತ್ತದೆ. ಪೇಟೆಗೆ ಹೋಗಲು ಎರಡು ಕಿಲೋಮೀಟರ್ ನಡೆಯಬೇಕು, ತಲೆಯ ಮೇಲೆ ಒಣ ಮೀನಿನ ಬುಟ್ಟಿ. ಏಳನೇ ತರಗತಿಯ ನಂತರ ಹುಡುಗಿಯರು ಶಾಲೆ ಬಿಡಲು ಆ ಎರಡು ಕಿಲೋಮೀಟರಿನಲ್ಲಿ ಬರುವ ಗಾಳಿಮರದ ತೋಪೇ ಸಾಕಾದ ಕಾರಣ. ಒಂದು ಮಳೆಗಾಲದಲ್ಲಿ ದಿನ ತುಂಬಿದ ಹುಡುಗಿಯನ್ನು ಕುರ್ಚಿಯ ಮೇಲೆ ಕೂರಿಸಿ ನಾಲ್ಕು ಜನ ರಸ್ತೆಯ ತನಕ ಹೊತ್ತರಂತೆ. "ಬದುಕಿದ್ಲು" ಎಂದು ಆಕೆ ಶೆಟ್ಲಿಯನ್ನು ಕೈಯಿಂದ ಹರವುತ್ತ ಹೇಳಿದಳು. "ಕೂಸು ಉಳೀಲಿಲ್ಲ."

ನಾನು ಬರೆಯುತ್ತೇನೆ, ಪುಸ್ತಕಗಳಲ್ಲಿ ಅಚ್ಚಾಗುತ್ತದೆ ಎಂದು ಗಣಿತದ ಟೀಚರು ಆಕೆಗೆ ಹೇಳಿಬಿಟ್ಟರು.

"ಹಂಗಾರೆ ಬರೀರಿ ಅಕ್ಕೋರೆ. ಊರಿನ ಹೆಸ್ರು ಹಾಕೇ ಬರೀರಿ. ನಾಕು ಜನಕ್ಕೆ ಗೊತ್ತಾದ್ರೆ ಒಂದು ಬಸ್ಸಾದ್ರೂ ಬರ್ತದೆ."

ಅಷ್ಟರಲ್ಲಿ ಬಂದು ಪಕ್ಕದಲ್ಲಿ ಕೂತಿದ್ದ ಮುದುಕಿ, ಆಕೆಯ ಅತ್ತೆಯೇ ಇರಬೇಕು, ತಲೆ ಅಲ್ಲಾಡಿಸಿದಳು. "ಬಸ್ಸು ಬಂದ್ರೆ ಬರ್ಲಿ. ಬಸ್ಸಿನ ಹಿಂದೆ ಬೇಲಿ ಬರ್ತದಲ್ಲ, ಅದ್ಕೆ ಏನು ಮಾಡ್ತೀರಿ?"

ವಾಪಸು ಬರುವಾಗ ದಾರಿಯುದ್ದಕ್ಕೂ ನಮ್ಮ ಮೂವರಲ್ಲಿ ಇದೇ ಚರ್ಚೆ. ಹಿಂದಿ ಟೀಚರದು ಒಂದೇ ಮಾತು: "ಹೆಸರು ಮಾತ್ರ ಬರೀಬೇಡಿ. ಬರೆದಿರೋ, ಮುಂದಿನ ವರ್ಷ ಅಲ್ಲಿ ಗೋಬಿ ಮಂಚೂರಿ." ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಗೋಕರ್ಣದ ಓಂ ಬೀಚು, ಕುಡ್ಲೆ ಬೀಚುಗಳಿಗೆ ಗುಡ್ಡ ಹತ್ತಿ ಇಳಿದು ನಡೆದು ಹೋಗುತ್ತಿದ್ದ ಕಾಲವನ್ನು ನಮ್ಮ ವಯಸ್ಸಿನವರು ಬಲ್ಲರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ, ರಸ್ತೆಗಳು ಅಗಲವಾದ ಮೇಲೆ, ಅಲ್ಲಿ ಏನಾಯಿತೆಂದು ಹೋಗಿ ನೋಡಬಹುದು. ಶನಿವಾರ ಸಂಜೆ ಓಂ ಬೀಚಿನ ಮೇಲೆ ನಿಂತರೆ ಮರಳಿಗಿಂತ ತಲೆ ಹೆಚ್ಚು.

ಕಡಲಾಮೆಯ ವಿಷಯವನ್ನೂ ಅವರು ಎತ್ತಿದರು. ಆಲಿವ್ ರಿಡ್ಲೆ ಎಂಬ ಕಡಲಾಮೆ ಚಳಿಗಾಲದ ರಾತ್ರಿಗಳಲ್ಲಿ ನಮ್ಮ ಈ ದಂಡೆಗಳಿಗೆ ಬಂದು, ಮರಳು ತೋಡಿ, ನೂರರಷ್ಟು ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಹೊನ್ನಾವರ, ಕಾರವಾರದ ಕಡೆ ಅರಣ್ಯ ಇಲಾಖೆಯವರು ಅಂಥ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಒಂದೂವರೆ, ಎರಡು ತಿಂಗಳಿಗೆ ಮರಿಗಳು ಹೊರಬರುತ್ತವೆ. ತಾಯಿ ಇಲ್ಲ, ದಾರಿ ತೋರಿಸುವವರಿಲ್ಲ. ಕತ್ತಲೆಯಲ್ಲಿ ಯಾವ ಕಡೆ ಬೆಳಕು ಹೆಚ್ಚೋ ಆ ಕಡೆಗೆ ಹರಿದು ಹೋಗುವುದು ಅವುಗಳ ಹುಟ್ಟುಗುಣ. ಲಕ್ಷಾಂತರ ವರ್ಷ ಆ ಬೆಳಕು ಸಮುದ್ರದ ಮೇಲಿನ ಆಕಾಶದ್ದೇ ಆಗಿತ್ತು. ಈಗ ದಂಡೆಯ ಮೇಲೆ ಹೋಟೆಲಿನ ದೀಪ ಉರಿದರೆ ಮರಿಗಳು ಅತ್ತ ಹೋಗಿ, ಬೆಳಗಿನ ಬಿಸಿಲಿಗೂ ಕಾಗೆಗಳಿಗೂ ಸಿಕ್ಕಿ ಸಾಯುತ್ತವೆ. ಅಂದಮೇಲೆ ಆ ದಂಡೆಯ ಕತ್ತಲೆ ಕೇವಲ ಬಡತನವಲ್ಲ, ಒಂದು ಜೀವದ ದಾರಿ. ಇದು ಸರಿಯಾದ ವಾದ.

ಆದರೆ ಗುಟ್ಟು ಕಾಯುವುದರಲ್ಲಿ ಇನ್ನೊಂದು ಮುಖವಿದೆ. ನಾವು ಮೂವರು ಹೋದೆವಲ್ಲ, ನಮಗೆ ಯಾರೋ ಹೇಳಿದ್ದಕ್ಕೇ ಹೋದದ್ದು. ನಾನು ಹೋದರೆ ಪ್ರವಾಸ, ಇನ್ನೊಬ್ಬರು ಬಂದರೆ ಗದ್ದಲ ಎನ್ನುವುದು ಯಾವ ನ್ಯಾಯ? 2023ರ ಜೂನಿನಿಂದ ನಮ್ಮ ರಾಜ್ಯದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಆಮೇಲೆ ಗೋಕರ್ಣಕ್ಕೆ, ಮುರ್ಡೇಶ್ವರಕ್ಕೆ ಹೊರಟ ಹೆಂಗಸರ ಗುಂಪುಗಳನ್ನು ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ ಕಂಡಿದ್ದೇನೆ. ಬಯಲುಸೀಮೆಯ ಹಳ್ಳಿಗಳಿಂದ ಬಂದವರು, ಕೈಚೀಲದಲ್ಲಿ ಬುತ್ತಿ ರೊಟ್ಟಿ, ಚಟ್ನಿಪುಡಿ. ಅವರಲ್ಲೊಬ್ಬ ಅಜ್ಜಿಯನ್ನು, "ಸಮುದ್ರ ಮೊದಲು ನೋಡಿದ್ದಿರಾ?" ಎಂದು ಕೇಳಿದ್ದೆ. "ಇಲ್ಲವ್ವಾ, ಈಗ ಅರವತ್ತೆಂಟು ನನಗ. ಮಗ ಕರಕೊಂಡು ಹೋಗ್ತೀನಿ ಅಂದಿದ್ದ. ಅವನಿಗೆ ಪುರುಸೊತ್ತಾಗಲಿಲ್ಲ. ನಾನs ಹೊಂಟೀನಿ" ಎಂದರು. ಆ ಅಜ್ಜಿ ಓಂ ಬೀಚಿನಲ್ಲಿ ನಿಂತಾಗ ಅವರೂ ಒಂದು ತಲೆಯೇ. ಜನಜಂಗುಳಿ ಎಂದು ನಾವು ಮುಖ ಸಿಂಡರಿಸುವಾಗ ಆ ಜಂಗುಳಿಯೊಳಗೆ ಅರವತ್ತೆಂಟು ವರ್ಷ ಕಾದು ಸಮುದ್ರ ಕಂಡ ಒಬ್ಬಾಕೆ ಇದ್ದಾಳೆ. ಕಾರು ಇದ್ದವರು, ಓದಿಕೊಂಡವರು, ಇಂಗ್ಲಿಷಿನಲ್ಲಿ ದಾರಿ ಹುಡುಕಿಕೊಳ್ಳಬಲ್ಲವರು ಮಾತ್ರ ಮುಟ್ಟಬಹುದಾದ ದಂಡೆಯನ್ನು ಶಾಂತವೆಂದು ಕರೆಯುವುದರಲ್ಲಿ ಸ್ವಲ್ಪ ಜಾತಿಯ ವಾಸನೆ ಇದೆ. ಕಟುವಾದ ಮಾತು, ಆದರೆ ಹೇಳದಿರಲಾರೆ.

ಇನ್ನು ನಿರ್ಜನ ಎಂಬುದು ಹೆಣ್ಣಿಗೂ ಗಂಡಿಗೂ ಒಂದೇ ಅಲ್ಲ. ನಾವು ಮೂವರಿದ್ದೆವು, ಹಾಗಾಗಿ ಕೂತೆವು. ನಾನೊಬ್ಬಳೇ ಆಗಿದ್ದರೆ ಆ ದಂಡೆಯಲ್ಲಿ ಹತ್ತು ನಿಮಿಷ ನಿಲ್ಲುತ್ತಿದ್ದೆನೆ? ಗಂಡಸು ಅಂಥಲ್ಲಿ ಟವೆಲು ಹಾಸಿ ನಿದ್ದೆ ಮಾಡುತ್ತಾನೆ. ಹೆಂಗಸು ಮೊದಲು ನೋಡುವುದು ಇನ್ನೊಬ್ಬ ಹೆಂಗಸು ಎಲ್ಲಾದರೂ ಕಾಣುತ್ತಾಳೋ ಎಂದು. ಶೆಟ್ಲಿ ಒಣಗಿಸುವಾಕೆ ಬಂದ ಮೇಲೆಯೇ ಹಿಂದಿ ಟೀಚರು ನಿರಾಳವಾಗಿ ಕಾಲು ಚಾಚಿದ್ದು, ವಾಸನೆ ಎಷ್ಟೇ ಇರಲಿ. ಸಮುದ್ರದ ಭಯ ಬೇರೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆ ಸುದ್ದಿ ಓದಿದ ದಿನ ನಾನು ತರಗತಿಯಲ್ಲಿ ಹಾಜರಿ ಕರೆಯುವಾಗ ಪ್ರತಿ ಹೆಸರಿಗೂ ತಲೆಯೆತ್ತಿ ಮುಖ ನೋಡಿದ್ದೆ. ಅದು ನೂರಾರು ಜನರಿರುವ ದಂಡೆ. ಜನರೇ ಇಲ್ಲದ, ಜೀವರಕ್ಷಕರಿಲ್ಲದ ದಂಡೆಯಲ್ಲಿ ಕಾಲು ಜಾರಿದರೆ? ಅಲೆ ವಾಪಸು ಹೋಗುವಾಗ ಕಾಲ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುವ ಬಗೆ ಘಟ್ಟದ ಮೇಲಿನವರಾದ ನಮಗೆ ಗೊತ್ತಿರುವುದಿಲ್ಲ. ಊರಿನ ಮೀನುಗಾರರು ದೋಣಿ ಇಳಿಸಿದರೆ ಉಂಟು. ಅವರೂ ಮಲ್ಪೆಗೆ ಹೋಗಿದ್ದರೆ ಇಲ್ಲ.

ಇಲ್ಲಿ ರವೀಂದ್ರನಾಥ ಠಾಕೂರರ ನೆನಪಾಗುತ್ತದೆ. 1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತರ ಹರೆಯದ ರವೀಂದ್ರರು ಅಲ್ಲಿಗೆ ಬಂದು ಕೆಲಕಾಲ ಇದ್ದರು. ಕಾರವಾರದ ದಂಡೆಗೆ ಇಂದು ಅವರ ಹೆಸರೇ ಇದೆ. ಅಲ್ಲಿದ್ದಾಗ ಅವರು 'ಪ್ರಕೃತಿಯ ಪ್ರತಿಶೋಧ' ಎಂಬ ನಾಟಕ ಬರೆದರು. ಅದರಲ್ಲಿ ಒಬ್ಬ ಸಂನ್ಯಾಸಿ; ಲೋಕದ ಎಲ್ಲ ಬಂಧ ಕಳಚಿ ಅನಂತವನ್ನು ಗೆದ್ದೆನೆಂದು ತಿಳಿದವನು. ಯಾರಿಗೂ ಬೇಡವಾದ ಒಬ್ಬ ಅನಾಥ ಹುಡುಗಿ ಅವನಿಗೆ ಅಂಟಿಕೊಳ್ಳುತ್ತಾಳೆ. ಅವನು ಅವಳನ್ನು ಬಿಟ್ಟು ಓಡಿ, ಮನಸ್ಸು ತಡೆಯದೆ ಮರಳಿ ಬರುವ ಹೊತ್ತಿಗೆ ಹುಡುಗಿ ಉಳಿದಿರುವುದಿಲ್ಲ. ಅಷ್ಟು ಚೆಲುವಾದ ಕಡಲಿನ ಎದುರು ಕೂತ ತರುಣ ಕವಿ ಚೆಲುವಿನ ಬಗ್ಗೆ ಬರೆಯದೆ, ಅನಂತದ ಆಸೆಯಲ್ಲಿ ಪಕ್ಕದ ಮನುಷ್ಯಳನ್ನು ಕಾಣದೆ ಹೋದವನ ಬಗ್ಗೆ ಬರೆದರಲ್ಲ! ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಒಬ್ಬರು, "ನೀವು ಎಲ್ಲದಕ್ಕೂ ಪಾಠ ಹುಡುಕುತ್ತೀರಿ" ಎಂದು ನಕ್ಕರು. ಇರಬಹುದು, ವೃತ್ತಿಯ ದೋಷ.

ಮುದುಕಿ ಹೇಳಿದ ಬೇಲಿಯ ಮಾತಿಗೆ ಬರುತ್ತೇನೆ, ಏಕೆಂದರೆ ಅದನ್ನು ದಾಟಿ ಹೋಗುವಂತಿಲ್ಲ. ಕಡಲಂಚಿನ ಜಾಗವನ್ನು ಹೇಗೆಂದರೆ ಹಾಗೆ ಕಟ್ಟಿ ಹಾಳು ಮಾಡಬಾರದೆಂದು 1991ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿತು. ಉಬ್ಬರದ ಗೆರೆಯಿಂದ ಐನೂರು ಮೀಟರಿನ ತನಕ ಅದರ ಹಿಡಿತ. ಹಳ್ಳಿಗಳ ಕಡೆ ಮೊದಲ ಇನ್ನೂರು ಮೀಟರಿನಲ್ಲಿ ಹೊಸ ಕಟ್ಟಡ ಕೂಡದು. 2011ರಲ್ಲಿ ಅದರ ಜಾಗಕ್ಕೆ ಹೊಸದು ಬಂತು, 2019ರಲ್ಲಿ ಮತ್ತೂ ಒಂದು. ಈ ಕೊನೆಯದರಲ್ಲಿ ಜನವಸತಿ ದಟ್ಟವಾಗಿರುವ ಹಳ್ಳಿಗಳಿಗೆ ಇನ್ನೂರು ಹೋಗಿ ಐವತ್ತಾಯಿತು. ಕಾನೂನಿನ ಅಳತೆಪಟ್ಟಿ ಹೀಗೆ ಕುಗ್ಗುವುದನ್ನು ನೋಡಿದರೆ ಮುದುಕಿಗೆ ಬೇಲಿಯ ಭಯ ಬರುವುದು ಸಹಜವೇ. ಬೇಲಿ ಬಂದರೆ ಮೊದಲು ಹೋಗುವುದು ಶೆಟ್ಲಿ ಒಣಗಿಸುವ ಜಾಗ. ಆ ಮರಳಿಗೆ ಪಹಣಿಯಿಲ್ಲ, ಪಟ್ಟೆಯಿಲ್ಲ. ಅವರಜ್ಜಿ ಅಲ್ಲಿ ಮೀನು ಒಣಗಿಸಿದಳು ಎಂಬುದೊಂದೇ ದಾಖಲೆ. ವಾಸನೆ ಬರುತ್ತದೆಂದು ಮೊದಲು ಅವರನ್ನೇ ಎಬ್ಬಿಸುತ್ತಾರೆ. ಮೂಗಿಗೆ ಸೆರಗು ಹಿಡಿಯುವವರು ಹಣ ಕೊಟ್ಟು ಕೋಣೆ ಹಿಡಿದವರಾದರೆ ಅವರ ಮೂಗಿಗೆ ಬೆಲೆ ಹೆಚ್ಚು.

ಹಾಗಾದರೆ ಏನೂ ಬರಬಾರದೆ? ಹೊನ್ನಾವರದ ಕಾಸರಕೋಡಿಗೆ, ಉಡುಪಿ ಕಡೆಯ ಪಡುಬಿದ್ರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆ ಬಂತು. ಶುದ್ಧ ನೀರು, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು, ಕಸದ ವ್ಯವಸ್ಥೆ ಎಂದು ಮೂವತ್ತಮೂರು ಅಳತೆಗೋಲುಗಳಂತೆ ಅದಕ್ಕೆ. ಹೆಂಗಸಾಗಿ ಹೇಳುತ್ತೇನೆ, ಕಡಲ ದಂಡೆಯಲ್ಲಿ ಒಂದು ಸ್ವಚ್ಛ ಶೌಚಾಲಯ ಸಿಕ್ಕರೆ ಯಾವ ಧ್ವಜವನ್ನಾದರೂ ನೆಟ್ಟುಕೊಳ್ಳಲಿ! ಆದರೆ ಅದೇ ಕಾಸರಕೋಡಿನ ಟೊಂಕದಲ್ಲಿ ಬಂದರು ಕಟ್ಟುವ ಯೋಜನೆಯ ವಿರುದ್ಧ ಮೀನುಗಾರರು, ಅವರಲ್ಲಿ ಒಣಮೀನಿನ ಹೆಂಗಸರು, ವರ್ಷಗಟ್ಟಲೆ ಪ್ರತಿಭಟಿಸಿದ್ದನ್ನೂ ಪತ್ರಿಕೆಯಲ್ಲಿ ಓದಿದ್ದೇನೆ. ಒಂದೇ ಊರಿನಲ್ಲಿ ಒಂದು ತುದಿಗೆ ಧ್ವಜ, ಇನ್ನೊಂದು ತುದಿಗೆ ಧರಣಿ.

ನನಗೆ ಅನ್ನಿಸುವುದಿಷ್ಟು. ಆ ಹೆಂಗಸು ಕೇಳಿದ್ದೇನು? ಕುಡಿಯುವ ನೀರು, ಹೆರಿಗೆಗೆ ಹೋಗಲು ದಾರಿ, ಹುಡುಗಿಯರು ಶಾಲೆಗೆ ಹೋಗಲು ಒಂದು ಬಸ್ಸು. ಇವುಗಳಲ್ಲಿ ಯಾವುದು ದಂಡೆಯ ಮೌನವನ್ನು ಕೆಡಿಸುತ್ತದೆ? ನಲ್ಲಿಯ ನೀರಿಗೆ ಆಮೆಮರಿ ದಾರಿ ತಪ್ಪುವುದಿಲ್ಲ. ಊರೊಳಗಿನ ದೀಪಕ್ಕೆ ಮರೆ ಕಟ್ಟಬಹುದು. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬಂದು ಹೋದರೆ ಅಲೆಯ ಸದ್ದು ಅಡಗುವುದಿಲ್ಲ. ಮೌನ ಕೆಡುವುದು ಬೇರೆಯವರಿಗಾಗಿ ಕಟ್ಟುವ ಕಟ್ಟಡಗಳಿಂದ. ಆದರೆ ಅಂಥ ಕಟ್ಟಡ ಬರುವಾಗಲೆಲ್ಲ ಈ ಹೆಂಗಸರ ನೀರು, ಬಸ್ಸುಗಳ ಹೆಸರನ್ನೇ ಮುಂದಿಟ್ಟುಕೊಂಡು ಬರುತ್ತದೆ. ಇತ್ತ ನಮ್ಮಂಥ ಮೌನಪ್ರಿಯರು ಕಟ್ಟಡ ಬೇಡವೆನ್ನುವ ಭರದಲ್ಲಿ ಅವರ ನೀರನ್ನೂ ಬಸ್ಸನ್ನೂ ಬೇಡವೆಂದುಬಿಡುತ್ತೇವೆ. ಇಬ್ಬರೂ ಎರಡನ್ನು ಒಂದೇ ಗಂಟಿನಲ್ಲಿ ಕಟ್ಟುತ್ತೇವೆ. ಈ ಗಂಟು ಬಿಚ್ಚಬೇಕಾದವರು ಯಾರು, ಬಸ್ಸು ಹತ್ತಿ ಮನೆಗೆ ಮರಳುವವರೆ, ಅಲ್ಲೇ ಇರುವವರೆ? ದಂಡೆ ಹೀಗೇ ಇರಲಿ ಎಂದು ಬಯಸುವ ಹಕ್ಕು ನಮಗಿದೆ ಎಂದೇ ಇಟ್ಟುಕೊಳ್ಳೋಣ. ಆ ಬಯಕೆಯ ಖರ್ಚನ್ನು ಇನ್ನೊಬ್ಬರ ಖಾತೆಗೆ ಬರೆಯುವ ಹಕ್ಕು ಎಲ್ಲಿಂದ ಬಂತು? ಕುರ್ಚಿಯ ಮೇಲೆ ಹೊತ್ತ ಹುಡುಗಿಯನ್ನು ನೆನೆದರೆ ನನಗೆ ಆ ಹಕ್ಕು ಕಾಣಿಸುವುದಿಲ್ಲ.

ಅಘನಾಶಿನಿಯ ಅಳಿವೆಯನ್ನು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿಸಿದರು, ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿ ಅದು. ಆ ಅಳಿವೆಯನ್ನು ಅಷ್ಟು ದಿನ ಉಳಿಸಿಕೊಂಡು ಬಂದವರನ್ನು ನೆನೆಯಬೇಕು. ಇಳಿತದ ಹೊತ್ತಿಗೆ ಸೊಂಟದ ತನಕ ನೀರಿನಲ್ಲಿ ನಿಂತು ಬಳಚು ಆಯುವ ಹೆಂಗಸರು, ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರು, ತದಡಿಗೆ ಉಷ್ಣ ವಿದ್ಯುತ್ ಸ್ಥಾವರದ ಮಾತು ಬಂದಾಗ ಬೇಡವೆಂದು ಎದ್ದು ನಿಂತವರು. ಯಾವುದು ಬೇಕು, ಯಾವುದು ಬೇಡ ಎಂದು ಬೇರೆ ಮಾಡಿ ಹೇಳಲು ಅವರಿಗೆ ಬರುತ್ತದೆ. ಆ ಅತ್ತೆ ಸೊಸೆಯರೂ ಅದನ್ನೇ ಮಾಡಿದ್ದು. ಒಬ್ಬಳು ಬಸ್ಸು ಕೇಳಿದಳು, ಇನ್ನೊಬ್ಬಳು ಬೇಲಿ ಬೇಡವೆಂದಳು. ಅವರಿಬ್ಬರ ನಡುವೆ ಜಗಳವೇ ಇರಲಿಲ್ಲ, ಒಂದೇ ಅರ್ಜಿಯ ಎರಡು ಸಾಲುಗಳು ಅವು.

ಅರ್ಜಿಯೆಂಬ ಮಾತು ಹೊಳೆದದ್ದು ಗಣಿತದ ಟೀಚರಿಗೆ. "ಬಸ್ಸು ಬೇಕಿದ್ದರೆ ಬಸ್ಸಿನವರನ್ನು ಕೇಳಬೇಕು, ಪ್ರವಾಸಿಗರನ್ನು ಯಾಕೆ ಕೇಳಬೇಕು?" ಎಂದರು. ಲೆಕ್ಕದವರಿಗೆ ಇಂಥದು ಬೇಗ ಹೊಳೆಯುತ್ತದೆ. ಫೆಬ್ರವರಿಯ ಒಂದು ಭಾನುವಾರ ಮತ್ತೆ ಘಟ್ಟ ಇಳಿದೆವು. ಆಕೆಯ ಮನೆಯ ಜಗುಲಿಯ ಮೇಲೆ ಕೂತು, ಸುತ್ತಲಿನ ಮನೆಗಳ ಹೆಂಗಸರನ್ನೆಲ್ಲ ಸೇರಿಸಿ, ಅವರು ಹೇಳಿದ ಹಾಗೆ ಬರೆದೆವು. ಬೆಳಿಗ್ಗೆ ಎಂಟಕ್ಕೆ ಒಂದು ಬಸ್ಸು, ಸಂಜೆ ಐದಕ್ಕೆ ಒಂದು. ಬೇಸಿಗೆಗೆ ಕುಡಿಯುವ ನೀರಿನ ವ್ಯವಸ್ಥೆ ಆಗಬೇಕೆಂದು ಪಂಚಾಯತಿಗೆ ಬೇರೆ ಅರ್ಜಿ. ದಂಡೆಯ ಮೇಲೆ ಮೀನು ಒಣಗಿಸುವ ಜಾಗವನ್ನು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲು ಮಾಡಬೇಕೆಂದು ಅದರಲ್ಲೇ ಇನ್ನೊಂದು ಸಾಲು, ಮುದುಕಿ ಹೇಳಿ ಬರೆಸಿದ್ದು. ನಲವತ್ತೊಂದು ಸಹಿ, ಹದಿಮೂರು ಹೆಬ್ಬೆಟ್ಟು. ಊರಿನ ಹೆಸರನ್ನು ಆ ಎರಡೂ ಅರ್ಜಿಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ. ಆ ಹೆಸರು ಹೋಗಬೇಕಾದ ಕಡೆ ಹೋಗಿದೆ. ಇಲ್ಲಿ ಬೇಕಾಗಿಲ್ಲವೆಂದು ಆಕೆಯೂ ಆಮೇಲೆ ಒಪ್ಪಿದಳು.

ಬಸ್ಸಿನ ಅರ್ಜಿ ಬರೆದು ಮುಗಿದು ಸಹಿ ಹಾಕಿಸುವ ಹೊತ್ತಿಗೆ ಹಿಂದಿ ಟೀಚರು ಪೆನ್ನು ಇಸಿದುಕೊಂಡು ಕೊನೆಗೆ ಒಂದು ಸಾಲು ಸೇರಿಸಿದರು, ಒಣ ಮೀನಿನ ಬುಟ್ಟಿಯನ್ನು ಬಸ್ಸಿಗೆ ಹತ್ತಿಸಿಕೊಳ್ಳಲು ಕಂಡಕ್ಟರರು ತಕರಾರು ಮಾಡಬಾರದು ಎಂದು.